ಹತ್ತಕ್ಕೆ ಹತ್ತು

"ಹತ್ತಕ್ಕೆ ಹತ್ತಾ? ಭಾವ, ನಿಮಗೇನು ತಲೆ ಕೆಟ್ಟಿದೆಯಾ?"

ನೇರಪ್ಪ ನೋಟ್‌ಬುಕ್ಕನ್ನು ಅಲೈನ್‌ಮೆಂಟ್ ಯಂತ್ರದ ಮೇಲೆ ಬಡಿದ. ಅದರೊಳಗಿದ್ದ ಪೆನ್ನು ಹಾರಿ ಹೋಗಿ, ಗಾಡಿಯ ತಳ ನೋಡಲು ತೋಡಿದ್ದ ಗುಂಡಿಯೊಳಗೆ ಬಿತ್ತು.

"ಯಾಕೆ, ಕಮ್ಮಿ ಆಯ್ತಾ?" ಎಂದರು ಭಾವ. ಸೀಟು ಹರಿದ ತಿರುಗುವ ಸ್ಟೂಲಿನ ಮೇಲೆ ಕೂತಿದ್ದರು. ಅದು ಅವರದೇ ಸ್ಟೂಲು. ಬೇರೆ ಯಾರಾದರೂ ಕೂತರೆ ನೇರಪ್ಪ ಎಬ್ಬಿಸುತ್ತಿದ್ದ.

"ಸ್ಟಿಯರಿಂಗ್ ಹತ್ತು, ಗೇರು ಹತ್ತು, ಬ್ರೇಕು ಹತ್ತು, ಸೀಟಿಗೂ ಹತ್ತು! ಹೋದ ತಿಂಗಳು ಇದೇ ಸೀಟನ್ನ ಹಲಗೆ ಅಂದವರು ಯಾರು? ನಿಮ್ಮ ಸೊಂಟ ಏನು, ತಿಂಗಳಿಗೊಂದು ಥರಾನಾ?"

"ಕೂತು ಕೂತು ಹೊಂದಿಕೊಂಡಿತು ಅಂದ್ಕೋ."

"ಸುಳ್ಳು ಹೇಳೋದಕ್ಕೂ ಒಂದು ಲೆಕ್ಕ ಬೇಕು, ಲೆಕ್ಕದ ಮೇಷ್ಟ್ರೇ!"

ಭಾವ ನಿಜಕ್ಕೂ ಲೆಕ್ಕದ ಮೇಷ್ಟ್ರು. ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಒಬ್ಬರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಉತ್ತರ ಸರಿಯಿದ್ದರೆ ಅಕ್ಷರಕ್ಕೆ ಅರ್ಧ ಅಂಕ ಕತ್ತರಿಸುವರು. ಅಕ್ಷರವೂ ಮುತ್ತಿನಂತಿದ್ದರೆ ಕಾಗದದ ಮಡಿಕೆಗೆ ಕತ್ತರಿಸುವರು. ನೇರಪ್ಪನ ಅಕ್ಕನನ್ನು ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಅಕ್ಕನ ಅಡುಗೆಗೂ ಒಂಬತ್ತರ ಮೇಲೆ ಕೊಟ್ಟಿಲ್ಲವಂತೆ.

ನೇರಪ್ಪ ಎಂಬುದು ಜನ ಇಟ್ಟ ಹೆಸರು. ಗಾಡಿಗಳ ಚಕ್ರ ನೇರ ಮಾಡುವ ಅಂಗಡಿ ಇಟ್ಟುಕೊಂಡಿದ್ದ, ಮಾತೂ ಅಷ್ಟೇ ನೇರ. ಎದುರಿಗಿರುವವರು ಯಾರು, ಎಷ್ಟು ನೋಯುತ್ತದೆ ಅಂತ ನೋಡುವವನಲ್ಲ. ಆ ಮಾತಿನ ಕಾವು ತಾಳಲಾರದೆ ಹೆಂಡತಿ ಬಿಟ್ಟು ಹೋಗಿ ಆರು ವರ್ಷ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ವಾರವಿಡೀ ಜನ ಬಂದು ಹೇಳುವ ಮಾತು ಎರಡೇ: "ಗಾಡಿ ಎಡಕ್ಕೆ ಎಳೀತಿದೆ," ಇಲ್ಲವೇ "ಬಲಕ್ಕೆ ಎಳೀತಿದೆ." ಮಾತು ಅಂತ ಮಾತಾಡುವುದು ಭಾನುವಾರ ಬೆಳಿಗ್ಗೆ, ಭಾವನ ಜೊತೆ ಮಾತ್ರ. ಅದೊಂದು ಬೆಳಿಗ್ಗೆ ಇದೆ ಅಂತಲೇ ಉಳಿದ ಆರು ದಿನ ಹೇಗೋ ಉರುಳುತ್ತಿದ್ದವು.

ಇಬ್ಬರಿಗೂ ಒಂದೇ ಹುಚ್ಚು, ಹಾಟ್ ಹ್ಯಾಚ್. ನೋಡುವುದಕ್ಕೆ ದಿನಸಿ ತರಲು ಹೋಗುವ ಪುಟ್ಟ ಕಾರು, ಬಾನೆಟ್ಟಿನ ಕೆಳಗೆ ಮಾತ್ರ ರೇಸ್ ಕಾರಿನ ಎದೆ. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು ಅನ್ನುತ್ತಾರಲ್ಲ, ಆ ಜಾತಿ. ನೇರಪ್ಪನದು ಕೆಂಪು, ಹಳೆಯದು, ಎಂಜಿನ್ನಿಗೆ ಗಾಳಿ ತುಂಬಿ ಜೋರು ಕೊಡುವ ಟರ್ಬೊ ಇಲ್ಲ. ಎಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ದಾಟುವವರೆಗೆ ಬೆಳಿಗ್ಗೆ ಎದ್ದ ಸೋಮಾರಿಯ ಹಾಗೆ ಆಕಳಿಸುತ್ತದೆ, ದಾಟಿದ ಮೇಲೆ ಕಿರುಚಿಕೊಂಡು ಓಡುತ್ತದೆ. ರಸ್ತೆಯಲ್ಲಿ ಬಿದ್ದ ಕಲ್ಲಿನ ಆಕಾರವನ್ನೂ ಸ್ಟಿಯರಿಂಗು ಕೈಗೆ ಹೇಳುತ್ತದೆ. ಭಾವನದು ಬೂದು ಬಣ್ಣದ್ದು, ಟರ್ಬೊ ಇರುವುದು. ಕಾಲೊತ್ತಿದರೆ ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಬೆನ್ನಿಗೆ ಗುದ್ದುತ್ತದೆ. ಹಳ್ಳ ದಿಣ್ಣೆಗಳಲ್ಲಿ ಕೆಂಪು ಕಾರು ಹಲ್ಲು ಉದುರಿಸಿದರೆ ಬೂದು ಕಾರು ಮೈ ನೋಯದಂತೆ ದಾಟಿಸುತ್ತದೆ. ಆದರೆ ಅದರ ಸ್ಟಿಯರಿಂಗು ಮಾತು ಕಮ್ಮಿ, ಥೇಟ್ ಭಾವನ ಹಾಗೆ. ಯಾವುದು ಮೇಲು? ಹನ್ನೊಂದು ವರ್ಷದಿಂದ ಆ ಜಗಳ ಮುಗಿದಿರಲಿಲ್ಲ.

ಜಗಳಕ್ಕೊಂದು ಕಟ್ಟಳೆ ಇತ್ತು. ತನ್ನ ಕಾರಿನ ಬಗ್ಗೆ ತಾನು ಮಾತಾಡಬಾರದು. ಕೀಲಿ ಬದಲಾಯಿಸಿಕೊಳ್ಳಬೇಕು. ಒಬ್ಬರು ಹೊರಟ ಐದು ನಿಮಿಷಕ್ಕೆ ಇನ್ನೊಬ್ಬರು ಹೊರಡಬೇಕು. ಒಂಬತ್ತು ತಿರುವಿನ ಗುಡ್ಡ ಹತ್ತಿ, ನೀರಿನ ಟ್ಯಾಂಕು ಬಳಸಿ, ಆ ಕಡೆಯ ಇಳಿಜಾರಿನಿಂದ ವಾಪಸು ಬಂದರೆ ಹದಿನೇಳು ಕಿಲೋಮೀಟರು. ಆಮೇಲೆ ಇನ್ನೊಬ್ಬನ ಕಾರಿಗೆ ಅಂಕ ಬರೆಯಬೇಕು. ಬರೆದದ್ದನ್ನು ಎದುರಿಗೆ ಕೂತು ಸಮರ್ಥಿಸಿಕೊಳ್ಳಬೇಕು. ಆ ಸಮರ್ಥನೆ ಮಧ್ಯಾಹ್ನದವರೆಗೆ ಎಳೆಯುತ್ತಿತ್ತು. ನೇರಪ್ಪನಿಗೆ ಬೇಕಾಗಿದ್ದುದು ಅದೇ.

ಇವತ್ತು ಮೊದಲು ಹೊರಟವನು ನೇರಪ್ಪ. ಆದರೆ ಭಾವ ಒಂದೇ ಗೆರೆಯಲ್ಲಿ ಎಲ್ಲ ಮುಗಿಸಿಬಿಟ್ಟಿದ್ದರು.

"ಗೆದ್ದೆ ಕಣೋ ನೀನು. ಕೆಂಪೇ ಮೇಲು. ಸಾಕಾ?"

"ನನಗೆ ಗೆಲುವು ಯಾಕೆ ಬೇಕು? ತೂಗಿ ಹೇಳಿ. ಗೇರು ಯಾಕೆ ಹತ್ತು?"

"ಚೆನ್ನಾಗಿ ಬೀಳುತ್ತೆ."

"ಮೂರಕ್ಕೆ ಹಾಕುವಾಗ ಹಲ್ಲು ಕಡಿಯುತ್ತೆ, ಅದನ್ನ ಬೇಕಂತಲೇ ಬಿಟ್ಟಿದ್ದೆ, ನೀವು ಹಿಡೀತೀರೋ ಇಲ್ಲವೋ ನೋಡೋಣ ಅಂತ!"

"ನನ್ನದನ್ನ ಬಿಡು. ನೀನು ಏಳನೇ ತಿರುವಲ್ಲಿ ಎರಡನೇ ಗೇರಿಗೆ ಇಳಿಸಿದ್ಯಲ್ಲ. ಮೂರರಲ್ಲೇ ಎಳೀತಿತ್ತು ಬೂದು. ಟರ್ಬೊ ಇರೋದು ಯಾಕೆ ಮತ್ತೆ?"

ಭಾವನಿಗೆ ಅದು ಹೇಗೆ ಗೊತ್ತಾಯಿತು ಅಂತ ನೇರಪ್ಪ ಆಗ ಯೋಚಿಸಲಿಲ್ಲ. ಸಿಟ್ಟು ಬಂದಾಗ ಅವನ ಕಿವಿಗೆ ಅವನದೇ ಮಾತು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ. ದಡದಡ ಹೋಗಿ ಕೆಂಪು ಕಾರಿನ ಬಾಗಿಲು ತೆಗೆದ. ಬೆಳಿಗ್ಗೆ ಕೀಲಿ ಕೊಡುವ ಮುಂಚೆ ಟ್ರಿಪ್ ಮೀಟರನ್ನು ಸೊನ್ನೆ ಮಾಡಿದ್ದ. ಈಗ ಅದರಲ್ಲಿ ಎರಡು ದಶಮಾಂಶ ಎಂಟು.

"ಹದಿನೇಳು ಕಿಲೋಮೀಟರು ಎಲ್ಲಿ? ಒಂದು ಪಾಯಿಂಟ್ ನಾಲ್ಕಕ್ಕೆ ಹೋಗಿ ತಿರುಗಿಸಿಕೊಂಡು ಬಂದಿದೀರಾ! ಗುಡ್ಡಾನೇ ಹತ್ತಿಲ್ಲ! ಪರೀಕ್ಷೆ ಬರೆಯದವನಿಗೆ ಫಸ್ಟ್ ಕ್ಲಾಸು! ನೊಣ ಹೊಡೆಯೋಕೆ ಕೂತಿದೀನಾ ನಾನಿಲ್ಲಿ? ಬೇಜಾರಾದರೆ ಬೇಜಾರಾಯ್ತು ಅಂತ ಹೇಳು. ಕಾಲು ನಡುಗಿತೇನು?"

'ಹೇಳಿ' ಅನ್ನಬೇಕಾದಲ್ಲಿ 'ಹೇಳು' ಬಂದುಬಿಟ್ಟಿತ್ತು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ. ಇಬ್ಬರಿಗೂ ಅದು ತಿಳಿಯಿತು, ಇಬ್ಬರೂ ಎತ್ತಿ ಆಡಲಿಲ್ಲ.

ಭಾವ ಸ್ಟೂಲಿನಲ್ಲೇ ಬಗ್ಗಿ ಬಲಗಾಲಿನ ಬೂಟು ಬಿಚ್ಚಿದರು. ಕಾಲುಚೀಲ ಎಳೆದರು. ಗುಂಡಿಯ ಪಕ್ಕದಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯಿಂದ ಪಾದವನ್ನು ಒತ್ತಿದರು. ಅಲ್ಲಿ ಚರ್ಮ ಒಳಕ್ಕೆ ಹೋಯಿತು, ಬಿಳಿಚಿತು.

"ನಡುಗೋದಿಲ್ಲ. ನಡುಗಿದ್ರೂ ಗೊತ್ತಾಗೋದಿಲ್ಲ," ಎಂದರು. "ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ. ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಬಗ್ಗಿ ನೋಡಬೇಕು. ಇನ್ನು ಓಡಿಸಕೂಡದು ಅಂದಿದಾರೆ ಡಾಕ್ಟರು. ಇವತ್ತು ಬೂದು ಕಾರನ್ನ ಬೀದಿ ಮೂಲೆ ತನಕ ತಂದವಳು ನಿನ್ನ ಅಕ್ಕ. ಅಲ್ಲೇ ಇಳಿದು ಹೋದಳು, ನಿನಗೆ ಕಾಣಬಾರದು ಅಂತ. ನಾನೇ ಹೇಳ್ತೀನಿ ಅಂದಿದ್ದೆ. ಕೊನೇ ಸಲ ನಿನ್ನ ಕಾರಲ್ಲಿ ಗುಡ್ಡದ ಬುಡದ ತನಕ ಹೋಗಿ ಬಂದೆ, ಎತ್ತಿನ ಗಾಡಿ ಹಾಗೆ."

ಈಗ ಹೇಳಬಹುದಾದ ಮಾತು ನೂರಿದ್ದವು. ನೇರಪ್ಪ ಅದರಲ್ಲಿ ಒಂದನ್ನೂ ಹೇಳಲಿಲ್ಲ.

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು."

"ಹಾಗಾದ್ರೆ," ನೇರಪ್ಪ ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ಮಗುಚಿದ, "ಆರು ತಿಂಗಳಿಂದ ನನ್ನ ಬ್ರೇಕಿಗೆ ನೀವು ಕೊಟ್ಟ ಏಳೂವರೆ ಎಲ್ಲಾ ಸುಳ್ಳಾ?"

ಭಾವ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು, ತಪ್ಪು ಉತ್ತರ ಬರೆದ ಜಾಣ ವಿದ್ಯಾರ್ಥಿಯನ್ನು ನೋಡುವ ಹಾಗೆ.

"ಇದನ್ನ ಕೇಳ್ತೀಯಲ್ಲೋ," ಎಂದರು ಮೆಲ್ಲಗೆ.

ಕಾಲುಚೀಲ ಹಾಕಿಕೊಂಡರು. ಬೂಟು ಕಟ್ಟುವುದಕ್ಕೆ ತುಂಬ ಹೊತ್ತು ಹಿಡಿಯಿತು. ಕೆಂಪು ಕಾರಿನ ಕೀಲಿಯನ್ನು ಯಂತ್ರದ ಮೇಲಿಟ್ಟರು. ಬೂದು ಕಾರಿನ ಕೀಲಿ ನೇರಪ್ಪನ ಜೇಬಿನಲ್ಲಿತ್ತು, ಅದನ್ನು ಕೇಳಲಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದರು.

ನೇರಪ್ಪ ನಿಂತಲ್ಲಿಂದ ಅಲ್ಲಾಡಲಿಲ್ಲ. ಶಟರಿನ ಕೆಳಗಿನ ಸಂದಿಯಲ್ಲಿ ಭಾವನ ಕಾಲುಗಳಷ್ಟೇ ಕಾಣುತ್ತಿದ್ದವು. ಬಲಗಾಲು ಎತ್ತಿದಾಗ ಬೂಟಿನ ತಳ ಕಂಡಿತು. ಹೊರಗಿನ ಅಂಚು ಪೂರ್ತಿ ಸವೆದು ಓರೆಯಾಗಿತ್ತು. ಟೈರು ಹಾಗೆ ಒಂದು ಕಡೆ ಸವೆದಿದ್ದರೆ ಹತ್ತಡಿ ದೂರದಿಂದಲೇ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಆರು ತಿಂಗಳು ಪ್ರತಿ ಭಾನುವಾರ ಈ ಬೂಟು ಅವನ ಕಣ್ಣೆದುರಿಗೇ ಸ್ಟೂಲಿನಿಂದ ತೂಗಾಡುತ್ತಿತ್ತು.

'ಬರ್ತಾರೆ. ಕಾರು ಇಲ್ಲೇ ಇದೆಯಲ್ಲ,' ಅಂದುಕೊಂಡ. ಮಧ್ಯಾಹ್ನವಾದರೂ ಶಟರು ಅರ್ಧಕ್ಕೇ ಇತ್ತು. ಗುಂಡಿಗೆ ಇಳಿದು ಪೆನ್ನು ಹುಡುಕಿ ತಂದ. ಸಂಜೆ ಅಕ್ಕನಿಗೆ ಫೋನು ಮಾಡಿದ.

"ಬಂದ್ರು, ಮಲಗಿದಾರೆ," ಎಂದಳು ಅಕ್ಕ. "ಏನಂದೆಯೋ ನೀನು?"

"ಏನೂ ಅಂದಿಲ್ಲ. ಅಂಕದ ಬಗ್ಗೆ ಕೇಳಿದೆ."

"ಅಷ್ಟೇ ಕೇಳಿದೆಯಾ?"

"ಹ್ಞೂಂ."

"ಅಷ್ಟೇ ಕೇಳಿದೆಯಲ್ಲೋ ಪುಣ್ಯಾತ್ಮ," ಎಂದು ಫೋನಿಟ್ಟಳು.

ಮುಂದಿನ ಭಾನುವಾರ ಎರಡು ಕಾರನ್ನೂ ತೊಳೆದ. ಕೆಂಪಿನ ಮೂರನೇ ಗೇರು ಸರಿಮಾಡಿದ. ತಾನೇ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸಬಹುದಲ್ಲ, ಕೂತೇ ಅಂಕ ಕೊಡಲಿ, ಸೀಟಿಗೆ ಬೇಕಾದರೆ ಮೂರೇ ಕೊಡಲಿ ಅಂತ ಒಂದು ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿಕೊಂಡ. ಯಾರೂ ಬರಲಿಲ್ಲ. ಭಾವನ ಮನೆಯ ಬಾಗಿಲಿಗೆ ಹೋದರೆ ಅಕ್ಕ ಕಾಫಿ ಕೊಟ್ಟಳು. ಒಳಗಿನ ಕೋಣೆಯ ಕದ ತೆರೆಯಲಿಲ್ಲ. ಕದದ ಹೊರಗೆ ಆ ಬೂಟುಗಳಿದ್ದವು. ಆ ಮಾತು ಕದಕ್ಕೆ ಹೇಳುವಂಥದ್ದಾಗಿರಲಿಲ್ಲ. ಕಾಫಿ ಕುಡಿದು ಬಂದ.

ಮೂರನೇ ಭಾನುವಾರ ಅಕ್ಕನೇ ಬೂದು ಕಾರು ಕೊಳ್ಳಲು ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದಳು, ಕನ್ನಡಕದ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ಆ ನರ್ಸು ಬೂದು ಕಾರಿನ ಸುತ್ತ ಬಂದು, "ಹೇಗಿದೆ ಅಣ್ಣಾ ಗಾಡಿ? ನಿಜ ಹೇಳಿ," ಎಂದಳು.

ಕಟ್ಟಳೆ ಪ್ರಕಾರ ಬೂದು ಕಾರಿನ ಮಾತು ನೇರಪ್ಪನದೇ. "ಟರ್ಬೊ ಎದ್ದೇಳೋದು ಒಂದು ಉಸಿರು ತಡ. ಸ್ಟಿಯರಿಂಗ್ ಮಾತಾಡೋದು ಕಮ್ಮಿ," ಎಂದ. ಆಮೇಲೆ, "ಆದರೆ ಯಾವತ್ತೂ ಕೈ ಬಿಟ್ಟಿದ್ದಿಲ್ಲ," ಎಂದು ಕೀಲಿ ಕೊಟ್ಟ.

ಅವರು ಹೋದ ಮೇಲೆ ಕೆಂಪು ಕಾರು ತೆಗೆದ. ಟ್ರಿಪ್ ಮೀಟರು ಸೊನ್ನೆ ಮಾಡಿದ. ಒಂದು ದಶಮಾಂಶ ನಾಲ್ಕಕ್ಕೆ ಗುಡ್ಡದ ಬುಡ ಬಂತು. ಅಲ್ಲೊಂದು ಬಸ್ ನಿಲ್ದಾಣ, ಒಂದು ಕಲ್ಲುಬೆಂಚು. ಎಂಜಿನ್ ಆರಿಸಿ ಹೋಗಿ ಕೂತ.

ಮೇಲೆ ಯಾವುದೋ ಕಾರು ಗುಡ್ಡ ಹತ್ತುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಒಂದೊಂದು ತಿರುವಿನಿಂದಲೂ ಸ್ಪಷ್ಟವಾಗಿ ಇಳಿದು ಬರುತ್ತಿತ್ತು. ಐದನೇ ತಿರುವು. ಆರನೆಯದು. ಏಳರಲ್ಲಿ ಚಾಲಕ ಎರಡಕ್ಕೆ ಇಳಿಸಿದ್ದು ಕೂಡ ಕೇಳಿಸಿತು.

ಭಾವ ಇಲ್ಲಿ ಕೂತು ಕೇಳಿದ್ದರು, ತಮ್ಮ ಕಾರನ್ನು ಇವನು ಓಡಿಸುತ್ತಿದ್ದುದನ್ನು.

"ಮೂರರಲ್ಲೇ ಎಳೀತಿತ್ತು," ಎಂದ ನೇರಪ್ಪ, ಪಕ್ಕಕ್ಕೆ ತಿರುಗಿ. ಬೆಂಚು ಇಬ್ಬರು ಕೂರುವಷ್ಟು ಉದ್ದವಿತ್ತು.

ಒಂಬತ್ತನೇ ತಿರುವು ದಾಟಿದ ಮೇಲೆ ಸದ್ದು ಆ ಕಡೆಯ ಇಳಿಜಾರಿಗೆ ಬಿದ್ದು ಕರಗಿತು. ಭಾವ ಮತ್ತೆ ಅಂಗಡಿಗೆ ಬರಲೇ ಇಲ್ಲ.