ಎಲ್ಸಮ್ಮನ ಮಣ್ಣಿನ ಗೋಡೆ

ಶೀಟಿನ ಮೇಲೆ ಟಪ್ ಎಂದಿತು, ಹುಣಸೆಕಾಯಿ ಬಿತ್ತೇನೋ, ಅಲ್ಲ, ಹನಿಯೇ, ಇಗೋ ಇನ್ನೊಂದು, ತಳಿ ಊರಿನ ಕಡೆಯ ಮೋಡ ಮಧ್ಯಾಹ್ನದಿಂದಲೇ ಕರ್ರಗೆ ಕೂತಿತ್ತು, ಹರವಿದ ರಾಗಿ ಒಳಗೆ ತರಬೇಕು, ತರುತ್ತೇನೆ, ಕಿವಿ ಮಾತ್ರ ರಸ್ತೆಯ ಕಡೆಗೇ, ಹೊಸೂರು ಬಸ್ಸು ಬಂತು, ನಿಂತಿತು, ಹೋಯಿತು, ನನ್ನ ಗಂಡ ಮುನಿಯಲ್ಲಪ್ಪ ಇನ್ನೂ ಬರಲಿಲ್ಲ — ಬಿಸಿಲಿನ ದಿನ ಫ್ಯಾಕ್ಟರಿ ಬಿಟ್ಟವನು ನೆಟ್ಟಗೆ ಮನೆಗೆ, ಮಳೆ ಬಂದ ದಿನ ಮಾತ್ರ ಬಸ್ಸು ಲೇಟು ಕಣೆ ಅನ್ನುತ್ತಾನೆ, ಬಸ್ಸು ಹೋದದ್ದು ನನಗೆ ಕೇಳಿಸುವುದಿಲ್ಲವೇ, ಅಂಗಿಯ ತೋಳಿಗೆ ಕೆಮ್ಮಣ್ಣು, ಫ್ಯಾಕ್ಟರಿಯಲ್ಲಾದರೆ ಎಣ್ಣೆ ಕರೆ ಆಗಬೇಕು, ಕೆಮ್ಮಣ್ಣು ಎಲ್ಲಿಂದ ಬಂತು, ಗುಡ್ಡದ ಕೆಳಗಿನ ಆ ಎಲ್ಸಮ್ಮನ ಮನೆಯಿಂದಲ್ಲದೆ. ಎಲ್ಸಾ ಅಂತೆ ಅವಳ ಹೆಸರು, ಊರು ಎಲ್ಸಮ್ಮ ಮಾಡಿಕೊಂಡಿತು, ಸಮುದ್ರದಾಚೆಯವಳು, ಒಬ್ಬಳೇ, ಬಂಡೆಗಳ ನಡುವಿನ ಬೀಳು ಹೊಲ ಗುತ್ತಿಗೆಗೆ ಹಿಡಿದಳು, ಅಲ್ಲಿಯದೇ ಮಣ್ಣು ಅಗೆದು ಸುಣ್ಣ ಬೆರೆಸಿ ತುಳಿದು ಗೋಡೆ ಎಬ್ಬಿಸಿದಳು, ಸಿಮೆಂಟು ಬೇಡ, ಕರೆಂಟು ಬೇಡ, ಸೂರಿನ ನೀರು ತೊಟ್ಟಿಗೆ, ಬಚ್ಚಲ ನೀರು ಬಾಳೆಗೆ, ಕಕ್ಕಸಿನ ಗುಂಡಿಗೆ ಬೂದಿ ಹಾಕಿ ಮುಚ್ಚಿಟ್ಟರೆ ಗೊಬ್ಬರವಂತೆ, ಯಾರು ನಂಬುತ್ತಾರೆ, ಪಾಳೇಗಾರರ ಚಿನ್ನ ಹುಡುಕುತ್ತಾಳೆ ಅಂತ ಬೇರಿಕೆ ಸಂತೆಯಲ್ಲಿ ಮಾತು, ಸಿಐಡಿ ಅಂತ ಕೆಲವರು, ಏನಾದರೂ ಆಗಿರಲಿ, ನನ್ನ ಅನುಮಾನವೇ ಬೇರೆ. ವಿಮಾನದಲ್ಲಿ ಬಂದವಳಿಗೆ ಮಣ್ಣಿನ ಮನೆ ಯಾಕೆ, ಮಣ್ಣಿನ ಗೋಡೆ ಕಂಡರೆ ಮುಖ ತಿರುಗಿಸುತ್ತಿದ್ದ ಇವನಿಗೆ ಅಲ್ಲೇನು ಕೆಲಸ — ನಮ್ಮ ಮಗಳು ಕದಿರಿ, ಇನ್ನೂ ಮೊಲೆ ಬಿಟ್ಟಿರಲಿಲ್ಲ ಮಗು, ಸ್ವಾತಿ ಮಳೆ ಹಿಡಿದು ಬಿಟ್ಟಿರಲಿಲ್ಲ, ನಾನು ಹಟ್ಟಿಯಲ್ಲಿ ಹಸು ಕರೆಯುತ್ತಿದ್ದೆ, ಹಳೆಯ ಮನೆಯ ಗೋಡೆ ನೆನೆದು ನೆನೆದು ತೊಟ್ಟಿಲ ಮೇಲೆ, ದೊಡ್ಡ ಸದ್ದೂ ಆಗಲಿಲ್ಲ, ಮೂಟೆ ಜಾರಿದ ಹಾಗೆ ಅಷ್ಟೇ, ಇವನು ಗುದ್ದಲಿಗೂ ಕಾಯದೆ ತೋಡಿದ. ಆಮೇಲೆ ಹೊಲ ತಮ್ಮನಿಗೆ ಬಿಟ್ಟು ಫ್ಯಾಕ್ಟರಿ ಸೇರಿದ, ಇಟ್ಟಿಗೆ ಕಟ್ಟಿಸಿದ, ಶೀಟು ಹೊದಿಸಿದ, ಇನ್ನು ಮಣ್ ಗೋಡೆ ಕೆಳಗೆ ನಿನ್ನ ಮಲಗ್ಸಾಕಿಲ್ಲ ಕಣೆ ಅಂದ, ಮಗಳ ಹೆಸರು ಮಾತ್ರ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಅಂಥವನು ಈಗ ಅವಳ ಮಣ್ಣಿನ ಮನೆಗೆ ಕದ್ದು ಹೋಗುತ್ತಾನೆ ಅಂದರೆ ಅವಳಿಗಾಗಿಯೇ ಇರಬೇಕು, ಬೆಳ್ಳಗಿದ್ದಾಳೆ, ನಗುತ್ತಾಳೆ, ಅವಳ ಮನೆಯಲ್ಲಿ ಸತ್ತ ಮಗುವಿಲ್ಲ.

ಪಕ್ಕದ ಮನೆಯ ರಾಮಕ್ಕ ಸೆರಗು ತಲೆಗೆಳೆದುಕೊಂಡು ಓಡುತ್ತಿದ್ದಾಳೆ, ನಿಮ್ಮೆಜಮಾನ್ರು ನನ್ ಮುಂದೇನೇ ಇಳುದ್ರಲ್ಲ ಚಿಕ್ಕತಾಯಮ್ಮ, ಗುಡ್ಡದ್ ಕಡೀಕ್ ಹೋದ್ರು — ನೆನೆಯಲಿ ರಾಗಿ, ಗೋಣಿಚೀಲ ತಲೆಗೆ ಹಾಕಿಕೊಂಡೆ, ಕಾಲು ಕೆಸರಿನಲ್ಲಿ ಜಾರುತ್ತಿದೆ, ಇವತ್ತು ಕಣ್ಣಾರೆ ನೋಡಿಯೇ ಬಿಡುತ್ತೇನೆ, ಜುಟ್ಟು ಹಿಡಿಯುತ್ತೇನೆ, ಅವಳ ಮನೆ ಇವತ್ತೇ ಕುಸಿಯಲಿ, ಬೇಡ, ಹಾಗೆನ್ನಬಾರದು, ಕುಸಿಯಲಿ. ಬಾಗಿಲು ಹಾರು ಹೊಡೆದಿತ್ತು. ಎಲ್ಸಮ್ಮ ಒಲೆಯ ಮುಂದೆ ಕೂತಿದ್ದಳು, ನನ್ನ ಕಂಡು ಬೆಚ್ಚಲಿಲ್ಲ, ಬೆಚ್ಚದಿದ್ದುದಕ್ಕೇ ಅನುಮಾನ ಇನ್ನೂ ಹೆಚ್ಚಿತು, ವಾಂಗಮ್ಮ ಅಂತ ತಮಿಳಿನಲ್ಲಿ ಒಳಗೆ ಕರೆದಳು, ಎಲ್ಲವ್ನೆ ನನ್ ಗಂಡ ಅಂದೆ, ಒಳಕೋಣೆಗೆ ಬೆರಳು ತೋರಿಸಿ ತನಗೆ ಬರುವ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು, ಮಳೆ ಬಂದ್ರೆ ಬರ್ತಾರೆ, ಗೋಡೆ ಹಿಡೀತಾರೆ, ಮಳೆ ನಿಂತ್ರೆ ಹೋಗ್ತಾರೆ, ಕಲ್ಲಿನ ಪಾಯ ಇದೆ, ಬೀಳಲ್ಲ ಅಂದೆ, ಕೇಳಲ್ಲ, ಯಾಕೆ ಅಂತ ಹೇಳಲ್ಲ — ಸುಳ್ಳಿ ಅನ್ನಬೇಕು ಅಂತ ಬಾಯಿ ತೆರೆದೆ, ಒಳಗೆ ಕಾಲಿಟ್ಟೆ, ಮಳೆ ಬಡಿಯುವ ಕಡೆಯ ಗೋಡೆ, ಅದರ ಪಕ್ಕದಲ್ಲಿ ಅವಳ ಮಂಚ, ಮಂಚಕ್ಕೂ ಗೋಡೆಗೂ ನಡುವೆ ಇವನ ಬೆನ್ನು, ಫ್ಯಾಕ್ಟರಿಯ ಅಂಗಿ, ಕಾಲು ಅಗಲಿಸಿ ನಿಂತು ಎರಡೂ ಅಂಗೈ ಗೋಡೆಗೆ ಒತ್ತಿದ್ದಾನೆ, ನನ್ನ ಹೆಜ್ಜೆ ಕೇಳಿತು, ತಿರುಗಲಿಲ್ಲ, ಈ ಗೋಡೆ ತಾವ ಬರ್ಬ್ಯಾಡ, ಹೊರಾಕ್ ಹೋಗು ಅಂದ, ಹೋಗಲಿಲ್ಲ ನಾನು, ಹೊರಗೆ ಮಳೆ ಜೋರಾಯಿತು, ಅವನ ತೋಳಿನ ನರ ಬಿಗಿಯಿತು, ಗೋಡೆ ಅಲುಗಲೂ ಇಲ್ಲ, ಬೆಚ್ಚಗೆ ಒಣಗಿಯೇ ಇದೆ, ಆದರೂ ಅವನು ಒತ್ತುತ್ತಾನೆ, ಎರಡು ಅಂಗೈ, ಕೆಂಪು ಗೋಡೆಯ ಮೇಲೆ ಅಗಲಿಸಿದ ಹತ್ತು ಬೆರಳು, ಮಳೆ ಜೋರಾದಷ್ಟೂ ಒತ್ತುತ್ತಾನೆ, ಎರಡು ಅಂಗೈ —