ಮುದಕವ್ವನ ಠೇವಣಿ

ಬನಹಟ್ಟಿಯ ಪತ್ತಿನ ಸೊಸೈಟಿಗೆ ಬೀಗ ಬಿದ್ದು ಇಪ್ಪತ್ತು ದಿನವಾಗಿತ್ತು. ವರ್ಷಕ್ಕೊಮ್ಮೆ ಸದಸ್ಯರಿಗೆ ಜಿಲೇಬಿ ತಿನ್ನಿಸಿ ಕೈಮುಗಿಯುತ್ತಿದ್ದ ಅಧ್ಯಕ್ಷರೆಂಬ ಪುಣ್ಯಾತ್ಮರು ಊರು ಬಿಟ್ಟಿದ್ದರು, ಅವರ ಫೋನೂ ಬಂದ್ ಆಗಿತ್ತು. ಜನರ ಕೈಗೆ ಸಿಕ್ಕವನು ಗಿರಿಮಲ್ಲಪ್ಪ ಒಬ್ಬನೇ. ಹತ್ತೊಂಬತ್ತು ವರ್ಷ ಓಣಿ ಓಣಿ ತಿರುಗಿ, ದಿನಕ್ಕೆ ಹತ್ತು, ಇಪ್ಪತ್ತು ರೂಪಾಯಿಯಂತೆ ಸೊಸೈಟಿಗೆ ಪಿಗ್ಮಿ ಎತ್ತಿಕೊಟ್ಟವನು. ಜನ ಬಾಯಿಗೆ ಬಂದಂತೆ ಬೈದರು, ಒಬ್ಬನಂತೂ ಅಂಗಿ ಹಿಡಿದು ಎಳೆದ. ಎಲ್ಲ ತಡೆದುಕೊಂಡ. ಮುದಕವ್ವನ ಮನೆ ಕಡೆ ಹೋಗಲು ಮಾತ್ರ ಅವನಿಗೆ ಕಾಲೇ ಬರಲಿಲ್ಲ.

ಕಡೆಗೆ ಅವಳೇ ಹೇಳಿಕಳಿಸಿದಳು.

ಮುದಕವ್ವ ಮೂವತ್ತು ವರ್ಷ ಮಂದಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿದವಳು. ಗಂಡ ತೀರಿದಾಗ ಬಂದ ಮೂರು ಲಕ್ಷವನ್ನು ಸರ್ಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದಳು. ಹಳೆಯವಾದರೂ ಸರಿ, ಎರಡು ಮಗ್ಗ ಕೊಂಡು ತನ್ನ ಸೀರೆ ತಾನೇ ನೇಯಬೇಕೆಂಬ ಆಸೆ ಅವಳದು. ಹೋದ ವರ್ಷ ಅಧ್ಯಕ್ಷರು ಠೇವಣಿ ತಾ ಎಂದು ತನ್ನ ಬೆನ್ನು ಹತ್ತಿದಾಗ ಗಿರಿಮಲ್ಲಪ್ಪ ಇವಳ ಮುಂದೆ ಬಂದು ಕೂತಿದ್ದ.

"ಎರಡ ಪರ್ಸೆಂಟ ಬಡ್ಡಿ ಹೆಚ್ಚ ಬರತೈತ್ರಿ ಅಕ್ಕಾರ. ಇದೂ ಬ್ಯಾಂಕ್ ಇದ್ದಂಗ."

"ಮುಳುಗಂಗಿಲ್ಲಲ್ಲ?"

"ನಾ ಅದೀನಲ್ರೀ!"

ಅಷ್ಟೇ ಮಾತಿಗೆ ಅವಳು ದುಡ್ಡು ತೆಗೆದು ಕೊಟ್ಟಿದ್ದಳು.

ಈಗ ಅವಳು ಕಟ್ಟೆಯ ಮೇಲೆ ಪಾಸ್‌ಬುಕ್ ಹಿಡಿದು ಕೂತಿದ್ದಳು. ಬೈಯಲಿಲ್ಲ, ಅವನಿಗೆ ಕೂಡಲು ಚಾಪೆ ಹಾಸಿದಳು.

"ತಮ್ಮಾ, ಬ್ಯಾಂಕ್ ಮುಳುಗಿದ್ರ ಐದ ಲಕ್ಷದ ತನಕಾ ವಿಮಾ ಕೊಡತಾರಂತ. ಟೀವ್ಯಾಗ ಹೇಳ್ಯಾರ. ನನ್ನ ಅರ್ಜಿ ನೀನ ತುಂಬಿಕೊಡು."

ಗಿರಿಮಲ್ಲಪ್ಪ ಚಾಪೆಯ ಮೇಲೆ ಕೂಡದೆ ನಿಂತೇ ಇದ್ದ. ಹಿಂದೊಮ್ಮೆ ಬಾಗಲಕೋಟೆಯ ತರಬೇತಿಯಲ್ಲಿ ಸಾಹೇಬರೊಬ್ಬರು ಇದನ್ನೇ ಬೋರ್ಡಿನ ಮೇಲೆ ಬರೆದು ತಿಳಿಸಿದ್ದರು. ಬ್ಯಾಂಕಿನ ಠೇವಣಿಗೆ ವಿಮೆ ಇರುತ್ತದೆ, ರಿಸರ್ವ್ ಬ್ಯಾಂಕಿನ ಕಣ್ಣೂ ಇರುತ್ತದೆ. ಪತ್ತಿನ ಸಂಘ ಸದಸ್ಯರೇ ಕೂಡಿ ನಡೆಸುವ ಸಂಸ್ಥೆ, ಅದಕ್ಕೆ ಆ ವಿಮೆ ಇಲ್ಲ. ಅವನು ಮುಂದಿನ ಸಾಲಿನಲ್ಲಿ ಕೂತು, ಎಲ್ಲವನ್ನೂ ಬರೆದುಕೊಂಡು ಬಂದಿದ್ದ.

"ಅದು ಬ್ಯಾಂಕಿಗಷ್ಟ ಐತ್ರಿ ಅಕ್ಕಾರ. ಸೊಸೈಟಿಗಿ ಬರಂಗಿಲ್ಲ."

ಮುದಕವ್ವ ಪಾಸ್‌ಬುಕ್ ಮುಚ್ಚಿ ಪಕ್ಕಕ್ಕೆ ಇಟ್ಟಳು. ಮಗ್ಗದ ಮಾತು ಅಲ್ಲಿಗೆ ಮುಗಿದಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಅವಳ ಮುಖದ ತುಂಬ ಇವನ ಮೇಲಿನ ಮರುಕವೇ ಇತ್ತು. ಅವಳು ಬೈದಿದ್ದರೆ ಗಿರಿಮಲ್ಲಪ್ಪ ಎಷ್ಟೋ ಹಗುರಾಗುತ್ತಿದ್ದ.

"ಹೋಗ್ಲಿ ಬಿಡು. ನೀನೂ ಮೋಸ ಹೋದಿ, ಪಾಪ. ಇಷ್ಟ ವರ್ಷ ದುಡದದ್ದು, ನಿಂದೆಷ್ಟ ಹೋತೋ ತಮ್ಮಾ?"

ಒಂದು ಲಕ್ಷ ಅಂದುಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಇಬ್ಬರೂ ಕೂಡಿ ಅಳಬಹುದಿತ್ತು. ಆದರೆ ಆ ಮುಖ ನೋಡುತ್ತ ಇನ್ನೊಂದು ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

"ನಂದೇನೂ ಹೋಗಿಲ್ರಿ," ಅಂದ. "ನನ್ನ ರೊಕ್ಕಾ ಸರಕಾರಿ ಬ್ಯಾಂಕಿನ್ಯಾಗ ಐತಿ."

"ಹಂಗಂದ್ರ ನಿನಗ ಮೊದಲ ಗೊತ್ತಿತ್ತು," ಅಂದಳು ಮುದಕವ್ವ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.