ಕಹಿನೀರಿನ ಕೊಸರು

ಭಾನುವಾರದ ಸಂತೆ ಕಿಕ್ಕಿರಿದಿದ್ದ ಹೊತ್ತಿನಲ್ಲೇ ತೆಯೋಫಿಲಾ ಮಾರಲು ಹಾಸಿದ್ದ ಬಿಳಿ ಕಂಬಳಿಯ ಮೇಲೆ ಚಿಗಟ ಕಾಣಿಸಿಕೊಂಡಿತು. ಕಂಬಳಿಯನ್ನು ಬಿಡಿಸಿ ನೋಡುತ್ತಿದ್ದವಳು ಮದುವೆಯ ಉಡುಗೊರೆ ಕೊಳ್ಳಲು ಬಂದ ಹೆಂಗಸು. ಚಿಗಟ ಕಂಬಳಿಯ ನಟ್ಟನಡುವಿನಿಂದ ಹಾರಿ ಆಕೆಯ ಮುಂಗೈ ಮೇಲೆ ಕುಳಿತಿತು. ಆಕೆ ಕಂಬಳಿಯನ್ನು ಬೆರಳ ತುದಿಯಲ್ಲಿ ಹಿಡಿದು ಕೆಳಗಿಟ್ಟು ಹೊರಟೇ ಹೋದಳು.

"ಆಗ್ರಿಪಿನಾ!" ತೆಯೋಫಿಲಾ ಕೂಗಿದ್ದು ಇಗರ್ಜಿಯವರೆಗೂ ಕೇಳಿಸಿರಬೇಕು. "ನಿನ್ನ ನಾಯಿ ನನ್ನ ವ್ಯಾಪಾರ ಕಚ್ಚಿ ತಿಂತಿದೆ ಕಣೇ!"

ಆಗ್ರಿಪಿನಾ ನನ್ನ ಅಮ್ಮ. ಹಿಮಬೆಟ್ಟಗಳ ಕಣಿವೆಯ ಕಾರ್ವಾಸ್ ಊರಲ್ಲಿ ದಿನವೂ ಸಂತೆ, ಭಾನುವಾರ ದೊಡ್ಡ ಸಂತೆ; ಅಲ್ಲಿ ಅವಳು ಚೋಚೊ ಮಾರುತ್ತಾಳೆ, ಪಕ್ಕದಲ್ಲಿ ಕುಳಿತು ನಾನು ಈರುಳ್ಳಿ ಹೆಚ್ಚುತ್ತೇನೆ. ಚೋಚೊ ಕಾಳು ಹೊಲದಿಂದ ಬಂದಾಗ ನಾಲಿಗೆಗೆ ಸೋಕಿಸಲಾಗದಷ್ಟು ಕಹಿ. ಅದನ್ನು ನೆನೆಸಿ ಬೇಯಿಸಿ, ಆ ಮೊದಲ ನೀರನ್ನು ಬಸಿದು, ಮೂಟೆ ಕಟ್ಟಿ ಹರಿಯುವ ತೊರೆಯಲ್ಲಿ ದಿನಗಟ್ಟಲೆ ಬಿಡಬೇಕು. ಆಮೇಲೆ ನಿಂಬೆ, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದರೆ ಇಡೀ ಕಣಿವೆ ಬಂದು ನಿಲ್ಲುತ್ತದೆ. ಕೊಳ್ಳುವವರು ಮೊದಲು ಬುಟ್ಟಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಹಿ ತಾಗಿದರೆ ಜಗಳವಿಲ್ಲ, ಮಾತಿಲ್ಲ, ಮುಂದಿನವಳ ಬುಟ್ಟಿಗೆ ಹೋಗುತ್ತಾರೆ. ಅಮ್ಮನ ಬುಟ್ಟಿಯ ಮುಂದಿನಿಂದ ಹಾಗೆ ಎದ್ದು ಹೋದವರನ್ನು ನಾನಂತೂ ನೋಡಿಲ್ಲ. ಅಮ್ಮ ಕೂರುವ ರೀತಿಯಲ್ಲೇ ಅದರ ಹೆಮ್ಮೆ ಗೊತ್ತಾಗುತ್ತಿತ್ತು. ಅಜ್ಜಿಯ ಕಾಲದ ಕುರಿಚರ್ಮವನ್ನು ನೆಲಕ್ಕೆ ಹಾಸಿ, ಉಣ್ಣೆ ಮೇಲಾಗಿ, ಅದರ ಮೇಲೆ ಏಳು ಮಡಿಕೆಯ ಲಂಗ ಹರಡಿ, ಟೋಪಿ ನೆಟ್ಟಗಿಟ್ಟು ಕೂರುತ್ತಿದ್ದಳು.

ಚುಸ್ಪಿ ನಮ್ಮ ನಾಯಿ. ಚುಸ್ಪಿ ಎಂದರೆ ನಮ್ಮ ಮಾತಿನಲ್ಲಿ ನೊಣ. ಕಪ್ಪಗೆ, ಸಣ್ಣಗೆ, ಹಗಲೆಲ್ಲ ಸಂತೆ ಸುತ್ತುತ್ತ ಒಂದು ಕಡೆ ನಿಲ್ಲದ ಪ್ರಾಣಿ. ಆದರೆ ರಾತ್ರಿ ತೊರೆಯಲ್ಲಿ ನೆನೆಯುವ ಮೂಟೆಗಳನ್ನು ದನಗಳಿಂದಲೂ ಕಳ್ಳರಿಂದಲೂ ಕಾಯುವುದು ಅದೇ. ಅದಿಲ್ಲದಿದ್ದರೆ ಅಮ್ಮನೇ ಚಳಿಯಲ್ಲಿ ತೊರೆಯ ದಂಡೆಯಲ್ಲಿ ಮಲಗಬೇಕು.

ಸಂತೆಯ ಮುಖ್ಯಸ್ಥ ದೋನ್ ಸಿಪ್ರಿಯಾನೊ ಕೂಗು ಕೇಳಿ ಬಂದ. ಟೋಪಿ ತೆಗೆದು ತಲೆ ಕೆರೆದುಕೊಂಡ. ಅದನ್ನು ಕಂಡು ಸುತ್ತಲಿದ್ದವರೆಲ್ಲ ತಮ್ಮ ತಲೆಯನ್ನೂ ಕೆರೆದುಕೊಂಡರು.

"ನೊಣದ ಮೇಲೆ ಚಿಗಟ. ಒಳ್ಳೆ ಸಂಸಾರ," ಎಂದ. "ನೋಡು ಆಗ್ರಿಪಿನಾ, ಬರೋ ಭಾನುವಾರ ನಾನೇ ಕೈಯಾರೆ ಹುಡುಕ್ತೀನಿ. ಒಂದು ಸಿಕ್ಕಿದ್ರೂ ನಾಯಿ ನನ್ನ ತಮ್ಮನ ಜೊತೆ ಮೇಲಿನ ಹುಲ್ಲುಗಾವಲಿಗೆ. ಅಲ್ಲೀವರೆಗೂ ಅದು ಸಂತೆಗೆ ಕಾಲಿಡೋ ಹಾಗಿಲ್ಲ."

ಮೇಲಿನ ಹುಲ್ಲುಗಾವಲೆಂದರೆ ಹಿಮದ ಅಂಚು. ಅಲ್ಲಿ ಕರುವಿನ ಗಾತ್ರದ ನಾಯಿಗಳೇ ಬದುಕುವುದು ಕಷ್ಟ. ಚುಸ್ಪಿ ಒಂದು ಚಳಿಗಾಲ ದಾಟುವುದೂ ಅನುಮಾನವಾಗಿತ್ತು.

"ಹುಡುಕು," ಎಂದಳು ಅಮ್ಮ. "ಕನ್ನಡಕ ಹಾಕ್ಕೊಂಡು ಬಂದು ಹುಡುಕು."

ಮನೆಗೆ ಬರುವ ದಾರಿಯಲ್ಲಿ ನಾನು ಔಷಧಿ ಅಂಗಡಿಯ ಪುಡಿಯ ಮಾತೆತ್ತಿದೆ. ರಾತ್ರಿ ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು ಅದನ್ನೇ ತರುತ್ತಾಳಂತೆ.

"ಪುಡಿ!" ಅಮ್ಮ ನಿಂತೇಬಿಟ್ಟಳು. "ನನ್ನ ಹಂಡೇಲಿರೋ ಕಹಿಗಿಂತ ದೊಡ್ಡ ಕಹಿ ಈ ಕಣಿವೇಲಿ ಯಾವ ಅಂಗಡೀಲಿದೆ, ಹೇಳು ನೋಡೋಣ. ನಮ್ಮಮ್ಮ ಕುರೀನೆಲ್ಲ ಇದರಲ್ಲೇ ಮೀಯಿಸ್ತಿದ್ದಳು. ಚೋಚೊ ಮಾರೋಳ ನಾಯಿಗೆ ಅಂಗಡಿ ಪುಡಿ ಹಾಕಿದ್ರೆ ಜನ ನಗಲ್ವೇನೆ?"

ಮರುದಿನ ಬೇಯಿಸಿದ ಕಾಳಿನ ಮೊದಲ ನೀರನ್ನು ಅವಳು ಎಂದಿನಂತೆ ಚೆಲ್ಲಲಿಲ್ಲ. ಹಳದಿಗೆ ತಿರುಗಿದ, ನೊರೆಯೇಳುವ ನೀರು ಅದು. ಆರಲು ಬಿಟ್ಟು, ತೊರೆಯಿಂದ ಸಾಕಷ್ಟು ದೂರದಲ್ಲಿ, ಅಂಗಳದ ಹಳೆಯ ತೊಟ್ಟಿಗೆ ಸುರಿದಳು. ಆ ನೀರು ತೊರೆಗೆ ಸೇರಿದರೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಅದು ನೆನಪಾಗಿ ಚುಸ್ಪಿಯನ್ನು ನನ್ನತ್ತ ಎಳೆದುಕೊಂಡೆ.

"ಅಮ್ಮಾ, ನಾಯಿ ಮೈ ನೆಕ್ಕಿದ್ರೆ?"

"ನೆಕ್ಕಿದ್ರೆ ಸತ್ತೇ ಹೋಗುತ್ತೆ. ಅದಕ್ಕೇ ನೀನಿರೋದು. ಮೂತಿ ಹಿಡ್ಕೋ."

ಅಮ್ಮ ಅದಕ್ಕೆ ತಣ್ಣೀರು ಬೆರೆಸಿದಳು. ಅವಳು ಅತ್ತ ತಿರುಗಿದಾಗ ನಾನು ಇನ್ನೊಂದು ಚೊಂಬು ಸೇರಿಸಿದೆ. ಚುಸ್ಪಿಯ ಮೂತಿಗೆ ಮೃದುವಾಗಿ ಬಟ್ಟೆ ಸುತ್ತಿ, ಕಣ್ಣಿಗೆ ತಾಗದಂತೆ ಅಂಗೈ ಅಡ್ಡ ಹಿಡಿದೆ. ಅಮ್ಮ ಮೊದಲು ಕುತ್ತಿಗೆಯ ಸುತ್ತ ಒದ್ದೆ ಮಾಡಿದಳು. ಮೈಗೆ ಮೊದಲು ನೀರು ಬಿದ್ದರೆ ಚಿಗಟಗಳೆಲ್ಲ ತಲೆಗೆ ಓಡುತ್ತವೆ. ಆಮೇಲೆ ಬೆನ್ನು, ಹೊಟ್ಟೆ, ಬಾಲದ ಬುಡ. ಕಿವಿಯ ಮಡಿಕೆಯಲ್ಲೂ ಬೆರಳ ಸಂದಿಯಲ್ಲೂ ಉಣುಗುಗಳು ಮೆಕ್ಕೆಜೋಳದ ಕಾಳಿನಂತೆ ಊದಿ ಕುಳಿತಿದ್ದವು. ಕಹಿನೀರಿನಲ್ಲಿ ಅದ್ದಿದ ಹತ್ತಿಯನ್ನು ಒಂದೊಂದರ ಮೇಲೂ ಒತ್ತಿ ಹಿಡಿದು, ಅದರ ಹಿಡಿತ ಸಡಿಲವಾದ ಮೇಲೆ, ಬುಡಕ್ಕೆ ದಾರದ ಕುಣಿಕೆ ಹಾಕಿ ನೆಟ್ಟಗೆ ಎಳೆದಳು. "ತಿರುಚಬಾರದು. ತಲೆ ಒಳಗೇ ಉಳಿದ್ರೆ ಹುಣ್ಣಾಗುತ್ತೆ," ಎಂದಳು. ಕೊನೆಗೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು, ನನ್ನ ಹೇನು ಬಾಚಣಿಗೆಯಲ್ಲೇ ಬಾಚಿದೆವು. ಚಿಗಟಗಳು ಸತ್ತು ಎಳ್ಳಿನಂತೆ ಉದುರಿದವು.

"ನೋಡಿದ್ಯಾ?" ಅಮ್ಮ ಎದೆ ಸೆಟೆಸಿದಳು.

ಬಿಸಿಲಿನಲ್ಲಿ ಒಣಗಿದ ಚುಸ್ಪಿ ಮಿರಮಿರ ಮಿಂಚಿತು. ಅಂದು ಸಂಜೆ ಅದು ಎಂದಿನಂತೆ ತೊರೆಯ ದಂಡೆಯ ಗುಡಿಸಲಿಗೆ ಕಾವಲಿಗೆ ಹೋಯಿತು. ಎರಡು ದಿನ ಕಳೆಯುವುದರೊಳಗೆ ಮತ್ತೆ ಕೆರೆದುಕೊಳ್ಳತೊಡಗಿತು.

ನಾನು ಹೆಚ್ಚಿಗೆ ಸುರಿದ ಆ ಒಂದು ಚೊಂಬು ನೀರಿನಿಂದಲೇ ಕೆಟ್ಟಿತೆಂದು ಅಮ್ಮನಿಗೆ ಹೇಳಿಬಿಟ್ಟೆ.

"ಗೊತ್ತು. ನೋಡಿದ್ದೆ," ಎಂದಳು ಅಮ್ಮ. "ಒಂದು ಚೊಂಬಿಗೆ ಸೋಲೋ ಕಹಿ ಅಲ್ಲ ಅದು. ಬೇರೆ ಏನೋ ಇದೆ."

ಅಷ್ಟರಲ್ಲಿ ಸಂತೆಯ ಬಾಯಿ ತನ್ನ ಕೆಲಸ ಮಾಡಿತ್ತು. ನಾವು ನಾಯಿ ಮೀಯಿಸಿದ್ದನ್ನು ಯಾರೋ ಬೇಲಿಯಾಚೆಯಿಂದ ಕಂಡಿದ್ದರು.

"ಬನ್ನಿ ಕಸೇರಾ, ಬನ್ನಿ," ಎಂದು ಅಮ್ಮ ಗಿರಾಕಿಗಳನ್ನು ಕರೆದರೆ ಪಕ್ಕದಿಂದ ತೆಯೋಫಿಲಾಳ ದನಿ: "ಹೋಗಿ ಕಸೇರಾ, ಹೋಗಿ. ನಾಯಿ ಮಿಂದ ನೀರಲ್ಲಿ ಬೆಂದ ಚೋಚೊ, ಬಿಸಿಬಿಸಿ!"

"ಚೋಚೊ ಬೆಂದ ನೀರಲ್ಲಿ ನಾಯಿ ಮಿಂದಿದ್ದು! ಯಾವುದು ಮೊದಲು ಅಂತ ಗೊತ್ತಾಗೋಷ್ಟೂ ಬುದ್ಧಿ ಇಲ್ವಾ ನಿಂಗೆ?"

"ನಂಗಿದೆ. ಚಿಗಟಕ್ಕಿಲ್ಲ."

ಜನ ನಕ್ಕರು. ನಕ್ಕವರು ಕಾಳು ರುಚಿ ನೋಡದೆ ಮುಂದೆ ಹೋದರು. ಆ ದಿನ ಬುಟ್ಟಿ ಅರ್ಧ ತುಂಬಿದಂತೆಯೇ ವಾಪಸು ಬಂತು. ಹೊರಡುವ ಮೊದಲು ತೆಯೋಫಿಲಾ ಮತ್ತೊಮ್ಮೆ ಕಿರುಚಿದಳು. ಈ ಸಲ ಚಿಗಟ ಅವಳು ಮಾರಲಿಟ್ಟ ಮಗುವಿನ ಶಾಲಿನ ಮೇಲಿತ್ತು. ಅಮ್ಮ ತಿರುಗಿ ನೋಡಲಿಲ್ಲ. ಕುರಿಚರ್ಮವನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ನಡೆದಳು.

ನಾನು ಹಿಂದೆಯೇ ಬುಟ್ಟಿ ಹೊತ್ತು ನಡೆಯುತ್ತಿದ್ದೆ. ನಾಯಿ ಸಂತೆಗೆ ಬಂದಿಲ್ಲ, ಚಿಗಟ ಬಂದಿದೆ. ಹೇಗೆ? ಹಾಗೆ ಯೋಚಿಸುತ್ತಿದ್ದಾಗಲೇ ಕುರಿಚರ್ಮದ ಉಣ್ಣೆಯಿಂದ ಕಪ್ಪು ಚುಕ್ಕೆಯೊಂದು ಜಿಗಿದು ಅಮ್ಮನ ಜಡೆಯ ಮೇಲೆ ಕುಳಿತಿತು.

ಆಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಸಂಜೆಯಾದರೆ ಆ ಚರ್ಮ ತೊರೆಯ ಗುಡಿಸಲಿಗೆ ಹೋಗುತ್ತದೆ, ಚುಸ್ಪಿ ಅದರ ಮೇಲೆಯೇ ಮಲಗಿ ಮೂಟೆ ಕಾಯುತ್ತದೆ. ಬೆಳಗಾದರೆ ಅಮ್ಮ ಅದನ್ನು ಎರಡು ಸಲ ಕೊಡವಿ, ಮೂಟೆಯ ಜೊತೆ ಸಂತೆಗೆ ತಂದು, ತೆಯೋಫಿಲಾಳ ಕಂಬಳಿಗಳ ಪಕ್ಕದಲ್ಲೇ ಹಾಸಿ ಕೂರುತ್ತಾಳೆ. ನಾವು ನಾಯಿಯನ್ನು ಮೀಯಿಸಿದೆವು, ಹಾಸಿಗೆಯನ್ನು ಹಾಗೆಯೇ ಬಿಟ್ಟೆವು.

ಆದರೆ ಅಜ್ಜಿಯ ಚರ್ಮದ ಬಗ್ಗೆ ಅಮ್ಮನಿಗೆ ಅಂಥ ಮಾತು ಹೇಳುವುದು ಹೇಗೆ? ಮನೆ ಬರುವವರೆಗೂ ಬಾಯಲ್ಲಿ ಮಾತು ಹೊರಳಿಸುತ್ತಲೇ ಇದ್ದೆ.

"ಅಮ್ಮಾ, ನಾಯಿ ಅಲ್ಲ."

"ಏನು ನಾಯಿ ಅಲ್ಲ?"

"ಚರ್ಮ."

"ನಮ್ಮಮ್ಮನ ಚರ್ಮಕ್ಕೆ ಚಿಗಟ ಹತ್ತಿದೆ ಅಂತೀಯಾ?" ಅವಳ ಕೆನ್ನೆ ಕೆಂಪಾಯಿತು. "ದೆಲ್ಫಿನಾ, ರಾತ್ರಿ ಶಾಲೇಲಿ ಇದನ್ನೇ ಕಲಿಸ್ತಾರಾ?"

ನಾನು ನನ್ನ ಬಿಳಿ ಏಪ್ರನ್ ಬಿಚ್ಚಿ ಅಂಗಳದಲ್ಲಿ ಹಾಸಿದೆ. ಅಮ್ಮ ನನ್ನನ್ನೇ ದುರುಗುಟ್ಟಿ ನೋಡುತ್ತ, ಚರ್ಮವನ್ನು ಅದರ ಮೇಲೆ ಬೋರಲು ಹಿಡಿದು ಕೋಲಿನಿಂದ ಬಡಿದಳು. ಬಿಳಿ ಬಟ್ಟೆಯ ಮೇಲೆ ಕರಿಎಳ್ಳು ಚೆಲ್ಲಿದಂತಾಯಿತು. ಆ ಎಳ್ಳು ಕುಣಿಯುತ್ತಿತ್ತು.

ಅಮ್ಮ ಕೋಲನ್ನು ಗೋಡೆಗೆ ಒರಗಿಸಿದಳು. ಕೊನೆಗೆ, "ತೆಯೋಫಿಲಾಗೆ ಗೊತ್ತಾಗ್ಬಾರ್ದು," ಎಂದಳು.

ಆ ರಾತ್ರಿ ಶಾಲೆಗೆ ಹೋಗಲಿಲ್ಲ. ಮತ್ತೊಂದು ಹಂಡೆ ಚೋಚೊ ಬೇಯಿಸಿ, ಮೊದಲ ನೀರಿನಲ್ಲಿ ಚರ್ಮವನ್ನು ಅದ್ದಿಟ್ಟೆವು. ಬೆಳಿಗ್ಗೆ ತೆಗೆದು ಬಂಡೆಯ ಮೇಲೆ ಹರಡಿದೆವು, ವಾಲ್ಕಾನ್ ಪರ್ವತದ ಹಿಮದಿಂದ ಮಿಂಚಿ ಬರುವ ಸುಡುಬಿಸಿಲಿಗೆ. ಗುಡಿಸಲಿನ ಹಳೆಯ ಹುಲ್ಲನ್ನು ಸುಟ್ಟು, ನೆಲಕ್ಕೆ ಬೂದಿ ಎರಚಿ, ಘಾಟು ವಾಸನೆಯ ಮಾರ್ಕು ಸೊಪ್ಪಿನ ಪೊರಕೆ ಕಟ್ಟಿ ಮೂಲೆಮೂಲೆ ಗುಡಿಸಿದೆವು. ಅದೇ ಸೊಪ್ಪನ್ನು ನೆಲಕ್ಕೆ ಹಾಸಿದೆವು. ಚುಸ್ಪಿಗೆ ಮತ್ತೊಂದು ಸ್ನಾನವಾಯಿತು. ಈ ಸಲ ನಾನು ಚೊಂಬು ಮುಟ್ಟಲಿಲ್ಲ. ಆಮೇಲೆ ಪ್ರತಿದಿನ ಬಾಚಿದೆ. ಶನಿವಾರದ ಬಾಚಣಿಗೆಯಲ್ಲಿ ಕೂದಲು ಮಾತ್ರ ಬಂತು. ಆದರೂ ನನಗೆ ನಂಬಿಕೆ ಬಾರದೆ ದೀಪ ಹಿಡಿದು ಇನ್ನೊಮ್ಮೆ ಬಾಚಿದೆ.

ಭಾನುವಾರ ದೋನ್ ಸಿಪ್ರಿಯಾನೊ ನಿಜವಾಗಿಯೂ ಕನ್ನಡಕ ಹಾಕಿಕೊಂಡು ಬಂದ.

"ಬಿಳಿ ಬಟ್ಟೆ ಬೇಕು," ಎಂದ.

"ನನ್ನದೇ ತಗೊಳ್ಳಿ," ಎಂದು ತೆಯೋಫಿಲಾ ಹಾಲಿನಂಥ ಕಂಬಳಿಯನ್ನು ಹಾಸಿದಳು. "ಎಲ್ಲರ ಕಣ್ಣಿಗೂ ಕಾಣಲಿ."

ಚುಸ್ಪಿಯನ್ನು ಅದರ ಮೇಲೆ ನಿಲ್ಲಿಸಿದೆ. ಸಿಪ್ರಿಯಾನೊ ಬಾಲದಿಂದ ತಲೆಯವರೆಗೆ ಹಿಮ್ಮುಖವಾಗಿ ಬಾಚಿದ. ಕಿವಿ ಮಗುಚಿದ, ಬೆರಳ ಸಂದಿ ಬಿಡಿಸಿದ, ಹೊಟ್ಟೆ ತಿರುಗಿಸಿ ನೋಡಿದ. ಚುಸ್ಪಿ ಇದನ್ನು ಮರ್ಯಾದೆ ಎಂದು ತಿಳಿದು ಬಾಲ ಆಡಿಸಿತು.

"ಏನೂ ಇಲ್ಲ," ಎಂದ ಸಿಪ್ರಿಯಾನೊ. "ನನ್ನ ಹೆಂಡತಿ ತಲೇನೂ ಇಷ್ಟು ಸ್ವಚ್ಛ ಇಲ್ಲ."

"ಕೇಳಿಸ್ತು!" ಎಂದಳು ಆಲೂಗಡ್ಡೆಯ ರಾಶಿಯ ಹಿಂದಿನಿಂದ ಅವನ ಹೆಂಡತಿ.

ನಗು ಅಡಗುತ್ತಿದ್ದಂತೆ ಗುಂಪಿನಲ್ಲಿ ಯಾರೋ, "ಹಾಗಾದ್ರೆ ಚಿಗಟ ಕಂಬಳೀದೇ ಇರ್ಬೇಕು," ಎಂದರು. ಶಾಲು ಹಿಡಿದು ನೋಡುತ್ತಿದ್ದವಳೊಬ್ಬಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. ಮತ್ತೊಬ್ಬಳೂ ಕೈ ಹಿಂದಕ್ಕೆಳೆದುಕೊಂಡಳು. ತೆಯೋಫಿಲಾಳ ಮುಖದಿಂದ ರಕ್ತ ಇಳಿದುಹೋಯಿತು.

ನಾವು ಗೆದ್ದಿದ್ದೆವು. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಅಮ್ಮ ಚರ್ಮದ ಮೇಲಿಂದ ಎದ್ದಳು.

"ಶಾಲು ಕೆಳಗಿಡಬೇಡವ್ವ," ಎಂದಳು ಆ ಹೆಂಗಸಿಗೆ. "ತೆಯೋಫಿಲಾಳ ಉಣ್ಣೇಲಿ ದೋಷ ಇಲ್ಲ. ಚಿಗಟ ಬಂದಿದ್ದು ಇದರಿಂದ." ಚರ್ಮವನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. "ನನ್ನ ನಾಯಿ ಮಲಗೋ ಹಾಸಿಗೆ ಇದು. ದಿನಾ ಹೊತ್ತು ತಂದವಳು ನಾನು. ಈಗ ಇದೂ ಸ್ವಚ್ಛ, ನಾಯೀನೂ ಸ್ವಚ್ಛ. ಮಾಡಿದ್ದು ಯಾವ ಅಂಗಡಿ ಔಷಧೀನೂ ಅಲ್ಲ, ನನ್ನ ಚೋಚೊದ ಮೊದಲ ನೀರು. ಹೌದು, ನಾಯೀನ ಮೀಯಿಸಿದ್ದೂ ಅದರಲ್ಲೇ!"

"ಅದನ್ನ ತಿನ್ನೋದು ಹೇಗೆ ಆಗ್ರಿಪಿನಾ?" ಯಾರೋ ಹಿಂದಿನಿಂದ ಕೇಳಿದರು.

"ಚಿಗಟ ಕೊಲ್ಲೋ ಕಹಿ ಕಣ್ರೀ ಅದು. ಅದು ನಾಯಿ ಮೈ ಮೇಲಿದ್ರೆ ಒಳ್ಳೇದೋ, ನಿಮ್ಮ ಕಾಳಿನೊಳಗಿದ್ರೆ ಒಳ್ಳೇದೋ? ಎಲ್ಲ ಕಹೀನೂ ಇಳಿಸಿದ್ದೀನಿ ಅನ್ನೋದಕ್ಕೆ ಆ ನಾಯಿಗಿಂತ ಬೇರೆ ಸಾಕ್ಷಿ ಬೇಕಾ? ಕಾಳು ಇಲ್ಲಿದೆ. ಬಾಯಿಗೆ ಹಾಕ್ಕೊಂಡು ಹೇಳಿ."

ಯಾರೂ ಅಲುಗಲಿಲ್ಲ. ತೆಯೋಫಿಲಾ ತನ್ನ ಕಂಬಳಿಯಿಂದ ನಾಯಿಯನ್ನು ಕೆಳಗಿಳಿಸಿ, ನಮ್ಮ ಬುಟ್ಟಿಯ ಬಳಿ ಬಂದು ಕುಕ್ಕರಿಸಿದಳು. ಒಂದು ಕಾಳು ಆರಿಸಿ, ಸಿಪ್ಪೆ ಹಿಂಡಿ ಬಾಯಿಗೆ ಹಾಕಿಕೊಂಡಳು. ಅವಳು ಅಗಿಯುವುದನ್ನು ಇಡೀ ಸಂತೆ ನೋಡುತ್ತಿತ್ತು.

"ಉಪ್ಪು ಕಮ್ಮಿ," ಎಂದಳು. ಆಮೇಲೆ ಇನ್ನೊಂದು ಕಾಳು ತೆಗೆದುಕೊಂಡಳು. "ನಿಂಬೆ ಹಿಂಡಿ ಒಂದು ತಟ್ಟೆ ಕೊಡು ಮಾರಾಯ್ತಿ. ಹಂಗೇ ಕೊಸರಿಗೆ ಆ ನೀರೂ ಒಂಚೂರು. ನನ್ನ ಮನೆ ನಾಯೀನೂ ಕೆರ್ಕೊಳ್ತಿದೆ, ಯಾರಿಗೂ ಹೇಳಿರಲಿಲ್ಲ."

ಅಮ್ಮ ಚರ್ಮವನ್ನು ಮತ್ತೆ ಹಾಸಿದಳು. ಲಂಗ ಹರಡಿ, ಟೋಪಿ ನೆಟ್ಟಗಿಟ್ಟು ಕುಳಿತಳು. ಈ ಸಲ ಚುಸ್ಪಿಯೂ ಪಕ್ಕದಲ್ಲೇ ಕುಳಿತಿತು.

ಈಗ ಚೋಚೊ ಕೊಳ್ಳಲು ಬರುವವರಲ್ಲಿ ಅನೇಕರ ಚೀಲದಲ್ಲಿ ಖಾಲಿ ಬಾಟಲಿಯೂ ಇರುತ್ತದೆ. ಹಿಡಿ ಕಾಳಿನ ಕೊಸರು ಬೇಕೋ, ಕಹಿನೀರಿನ ಕೊಸರು ಬೇಕೋ ಎಂದು ಅಮ್ಮ ಕೇಳುತ್ತಾಳೆ. ನೀರು ಸುರಿಯುವಾಗ ರಾಣಿಯಂತೆ ಕತ್ತು ಎತ್ತಿರುತ್ತಾಳೆ. ಎಚ್ಚರಿಕೆ ಹೇಳುವುದು ನನ್ನ ಪಾಲಿನ ಕೆಲಸ. ತಣ್ಣೀರು ಬೆರೆಸಿ, ಮರಿಗಳಿಗೆ ಹಾಕಬೇಡಿ, ನೆಕ್ಕಲು ಬಿಡಬೇಡಿ, ಚೆನ್ನಾಗಿ ತೊಳೆಯಿರಿ, ಹಾಸಿಗೆ ಮರೆಯಬೇಡಿ.

"ಬೆಕ್ಕಿಗೆ ಆಗುತ್ತಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಬೇಡ್ವೇ ಬೇಡ. ಅದು ಮೈ ನೆಕ್ಕದೆ ಇರಲ್ಲ. ಬೆಕ್ಕಿಗೆ ಬಾಚಣಿಗೆ, ಅದರ ಹಾಸಿಗೆಗೆ ಬಿಸಿಲು, ಅಷ್ಟೇ."

ಅಷ್ಟು ಹೇಳಿದರೂ ನನಗೆ ಸಮಾಧಾನವಿಲ್ಲ. ಯಾರಾದರೂ ಬಾಯಾರಿ ಕುಡಿದುಬಿಟ್ಟರೆ? ಅದಕ್ಕೇ ಪ್ರತಿ ಬಾಟಲಿಯ ಕತ್ತಿಗೂ ಕೆಂಪು ಉಣ್ಣೆದಾರದ ಗಂಟು ಹಾಕಿ ಕೊಡುತ್ತೇನೆ. ದಾರ ತೆಯೋಫಿಲಾಳದು. ಕೇಳದೆಯೇ ಒಂದು ಉಂಡೆ ತಂದು ನನ್ನ ಮಡಿಲಿಗೆ ಎಸೆದಿದ್ದಳು. ಸಂತೆ ಮುಗಿದ ಮೇಲೆ ಊರ ಬೀದಿಯಲ್ಲಿ ನಡೆದರೆ ಒಂದಲ್ಲ ಒಂದು ಕಿಟಕಿಯ ಹಲಗೆಯ ಮೇಲೆ ಆ ಕೆಂಪು ಗಂಟು ಕಾಣುತ್ತದೆ. ಅಮ್ಮ ನೋಡಿಯೂ ನೋಡದಂತೆ ಮುಂದೆ ನಡೆಯುತ್ತಾಳೆ, ಸ್ವಲ್ಪ ನಿಧಾನವಾಗಿ.